ಹಸಿ ಬಣ್ಣದ ಮನೆ

ಅಡಿಕೆ ಸುಲಿಯುವಾಗ ಕತ್ತಿ ಕದಲುವುದಿಲ್ಲ, ಕಾಯಿಯೇ ಅದರ ಬಳಿಗೆ ಬರುತ್ತದೆ. ನರಸಿಂಹರಾಜಪುರದ ಅನಿತಾಳಿಗೆ ಶಾಲೆ ಬಿಟ್ಟಂದಿನಿಂದ ಅದೇ ಅಭ್ಯಾಸ. ಮಣೆಯ ಮೇಲೆ ಕೂತು, ಮುಂದೆ ನೆಟ್ಟಗೆ ನಿಂತ ಮೆಟ್ಟುಗತ್ತಿಗೆ ಕಾಯನ್ನು ಒತ್ತಿ ತಿರುಗಿಸಬೇಕು. ಹಾಗಾಗಿ ಭಾನುವಾರದ ಚಿತ್ರದ ತರಗತಿಯಲ್ಲಿ ಶ್ವೇತಾ ಮೇಡಂ ಅವಳ ಕುಂಚ ತೆಗೆದಿಟ್ಟು, ಗಾರೆಯವರ ಕರಣೆಯ ಮರಿಯಂತಿದ್ದ, ಬಣ್ಣ ಹಚ್ಚುವ ಚಾಕು ಕೊಟ್ಟಾಗ, ಅವಳು ಅದನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿ, ಎಡಗೈಯಿಂದ ಚಿತ್ರದ ಹಲಗೆಯನ್ನೇ ಅದರತ್ತ ತಳ್ಳಿದಳು.

"ಅನಿತಕ್ಕ, ಚಿತ್ರ ಸುಲೀತಿದೀರಾ?" ಮೇಡಂ ನಕ್ಕರು.

"ಕೈ ಮಾತು ಕೇಳಲ್ಲ ಮೇಡಂ."

ಬಣ್ಣಗಳೆಲ್ಲ ಕಲಸಿ ಕೆಸರಾದವು.

ಚಾಕು ಬೇಕೆಂದು ಕೇಳಿದವಳು ಅನಿತಾಳೇ. ತಾಯಿ ಸೀತಕ್ಕ ಹುಟ್ಟಿದ ಮನೆ ಭದ್ರೆಯ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟೆಯ ನೀರು ಏರಿದಾಗ, ಇನ್ನೂ ಮಗುವಾಗಿದ್ದ ಸೀತಕ್ಕ ಅಪ್ಪನ ಹೆಗಲೇರಿ ಅಲ್ಲಿಂದ ಹೊರಟಿದ್ದಳು. ಈಗ ಅವಳ ಕಣ್ಣು ದಿನದಿಂದ ದಿನಕ್ಕೆ ಮಸುಕಾಗುತ್ತಿದೆ, ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ಆ ಮನೆಯನ್ನು ಅವಳಿಗೆ ಒಮ್ಮೆ ತೋರಿಸಬೇಕು. ತಾಯಿ ಹೇಳುತ್ತ ಬಂದದ್ದನ್ನೇ ನೆನೆದು ಅನಿತಾ ಮೊದಲು ಕುಂಚದಲ್ಲಿ ಬರೆದಿದ್ದಳು, ಒಂದು ಹೆಂಚೂ ಬಿಡದೆ. ಸೀತಕ್ಕ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು, "ಮಂಜು ಚೆನ್ನಾಗಿ ಬಂದಿದೆ ಕಣೆ" ಎಂದಿದ್ದಳು.

ಆ ಸಣ್ಣ ಗೆರೆಗಳಿಂದ ಆಗುವ ಕೆಲಸವಲ್ಲ. ದಪ್ಪ ಬಣ್ಣ ಬೇಕು, ಗೋಡೆ ಗೋಡೆಯಂತೆಯೇ ಎದ್ದು ನಿಲ್ಲಬೇಕು.

ಎಷ್ಟೋ ಭಾನುವಾರ ಕೆಸರಿನಲ್ಲೇ ಕಳೆದವು. ನಿದ್ದೆಯಲ್ಲೂ ಅವಳ ಚಾಕು ನಿಂತೇ ಇರುತ್ತಿತ್ತು. ಹಿನ್ನೀರು ತಾನಾಗಿ ಅದರ ಬಳಿಗೆ ಬಂದು, ಎರಡಾಗಿ ಸರಿದು, ಒಳಗಿನ ಅಂಗಳವನ್ನು ಇಷ್ಟೇ ಇಷ್ಟು ತೋರಿಸಿ ಮತ್ತೆ ಕೂಡಿಕೊಳ್ಳುತ್ತಿತ್ತು.

ಒಂದು ಸಂಜೆ ಸೀತಕ್ಕ ಎಲೆ ಹಾಕಲು ಕೂತಿದ್ದಳು. ವೀಳ್ಯದೆಲೆ ಅಂಗೈಯಲ್ಲಿ ಸುಮ್ಮನೆ ಮಲಗಿತ್ತು. ಹೆಬ್ಬೆರಳು ಸುಣ್ಣ ತೆಗೆದುಕೊಂಡು ಅದರ ಮೇಲೆ ಹಾಯಿತು. ಎಲೆ ನಲುಗಲಿಲ್ಲ, ಸುಣ್ಣ ಮಾತ್ರ ಬೆಳ್ಳಗೆ ಉಳಿಯಿತು.

"ಅಮ್ಮ, ಇನ್ನೊಂದು ಎಲೆಗೆ ಹಚ್ಚು."

"ನಿಂಗೆಂತಕ್ಕೆ ಮಾರಾಯ್ತಿ? ಎಲೆ ಕಂಡ್ರೆ ಮೂಗು ಮುರಿಯೋಳು."

"ಹಚ್ಚು ಅಂದೆ."

ಆ ವಾರದ ತರಗತಿಯಲ್ಲಿ ಅನಿತಾ ಹಲಗೆಯನ್ನು ಗೋಡೆಗೆ ಒರಗಿಸಿ ಅದರ ಪಾಡಿಗೆ ಬಿಟ್ಟಳು. ಬೆರಳು ಸಡಿಲಿಸಿದಳು. ಕೆಮ್ಮಣ್ಣಿನ ಬಣ್ಣ ಚಾಕುವಿನಿಂದ ತಾನೇ ಇಳಿದು ಜಗಲಿಯಾಯಿತು. ಅದರ ಮೇಲೊಂದು ಗೋಡೆ ಬಂತು, ಸುತ್ತ ನೀಲಿ ಹಬ್ಬಿತು. ಒಣಗಲು ಬಿಡುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಹಾಗೇ ಮನೆಗೆ ತಂದು, ಬಾಗಿಲ ಬೆಳಕಿನಲ್ಲಿ ತಾಯಿಯ ಮುಂದೆ ಹಿಡಿದಳು.

ಸೀತಕ್ಕ ಮುಖವನ್ನು ಹಲಗೆಯ ಹತ್ತಿರ ತಂದು, ಈ ಅಂಚಿನಿಂದ ಆ ಅಂಚಿನವರೆಗೆ ನಿಧಾನವಾಗಿ ನೋಡಿದಳು.

"ಜಗಲಿ," ಎಂದಳು ಕೊನೆಗೆ. ಆಮೇಲೆ, "ದಾರಿ ಇಲ್ಲಲ್ಲ ಕಣೆ. ಕೊಟ್ಟಿಗೆ ಬಳಸ್ಕೊಂಡು ಹೋಗ್ತಿತ್ತು."

ಹೇಳುತ್ತಲೇ ಅವಳ ಹೆಬ್ಬೆರಳು ನೀಲಿಗಿಳಿದು, ಜಗಲಿಯ ಕೆಂಪನ್ನು ಎಳೆದುಕೊಂಡು, ಒಂದು ಸುತ್ತು ಬಳಸಿ ಹಲಗೆಯ ಅಂಚಿಗೆ ಬಂದು ನಿಂತಿತು.

"ಅಮ್ಮ, ಅದು ಹಸಿ."

"ಹೌದಾ? ಮತ್ತೆ ಮೊದ್ಲೇ ಹೇಳೂಕಾಗಲ್ವಾ."

ಸರಿಪಡಿಸಲೆಂದು ಅನಿತಾ ಚಾಕು ಎತ್ತಿಕೊಂಡಳು. ನೀರನ್ನು ಹಾದು ಬಂದಿದ್ದ ಆ ಕೆಂಪು ದಾರಿಯನ್ನು ನೋಡಿದಳು. ಚಾಕುವನ್ನು ಬಟ್ಟೆಯಲ್ಲಿ ಒರೆಸಿ ಕೆಳಗಿಟ್ಟಳು.

ಸೀತಕ್ಕ ಎಂದಿನ ಅಭ್ಯಾಸದಂತೆ ಬೆರಳನ್ನು ಬಾಗಿಲ ಚೌಕಟ್ಟಿಗೆ ಒರೆಸಿದಳು. ವರ್ಷಗಳ ಸುಣ್ಣದ ಗುರುತುಗಳ ನಡುವೆ, ಕೆಂಪು ನೀಲಿ ಬೆರೆತ ಒಂದು ಗುರುತು ಉಳಿಯಿತು.