ಸೀಟಿನ ಮೇಲೊಂದು ಕರ್ಚೀಪು

ಭಾಷಣಕ್ಕೆ ಕರೆದರೆ ನನಗೆ ಒಲ್ಲೆ ಅನ್ನಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ, ಯಾಕೆಂದರೆ ನಾನು ಭಾಷಣ ಮಾಡುವುದೇ ಒಲ್ಲೆ ಅನ್ನುವುದು ಹೇಗೆ ಎಂಬುದರ ಮೇಲೆ.

ರೋಣದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವಾಕೆ ನಾನು. ಧಾರವಾಡದಲ್ಲೊಂದು ತರಬೇತಿಗೆ ಹೋಗಿಬಂದದ್ದೇ ತಡ, ಸುತ್ತಲಿನ ಊರಿನವರಿಗೆಲ್ಲ ನಾನು ಪಂಡಿತೆಯಾಗಿಬಿಟ್ಟೆ. ನರಗುಂದದವರು ಮನುಷ್ಯರನ್ನು ಕಳಿಸಿ ಕರೆಸಿದರು. ಗಜೇಂದ್ರಗಡದವರು ಮಿಸ್ಡ್ ಕಾಲ್ ಕೊಟ್ಟರು. ನಾನೇ ನನ್ನ ದುಡ್ಡಿನಲ್ಲಿ ತಿರುಗಿ ಫೋನು ಮಾಡಿ, ನನಗೆ ಬಂದ ಆಮಂತ್ರಣವನ್ನು ಕೇಳಿಸಿಕೊಂಡೆ. ಮನಸ್ಸಿಗಾದ ಗಾಯ, ನಮ್ಮ ನಮ್ಮ ಮಿತಿ, ಇನ್ನೊಬ್ಬರ ಪರ ನಿಲ್ಲುವುದು, ಧೈರ್ಯದ ನಾಯಕತ್ವ, ಇಷ್ಟನ್ನೂ ಊಟದ ಬೆಲ್ ಹೊಡೆಯುವುದರೊಳಗೆ ಮುಗಿಸಿಕೊಡಬೇಕಂತೆ. ಊಟಕ್ಕೆ ನಿಲ್ಲಬೇಕಂತೆ ಕೂಡ. ನಿಲ್ಲದೇ ಇರುತ್ತೇನೆಯೇ?

ಇಂಥ ಸಮಾರಂಭಗಳಲ್ಲಿ ನನಗೆ ಭಾಳ ಸೇರುವುದು ಅತಿಥಿಗಳ ಪರಿಚಯ. 'ಇವರು ಕಷ್ಟಪಟ್ಟು ಕಲಿತು ಮೇಲೆ ಬಂದವರು' ಎಂದು ಯಾರೋ ಓದುವಾಗ ನಾನು ವಿನಯದಿಂದ ನೆಲ ನೋಡುತ್ತ ಕೂತಿರುತ್ತೇನೆ. ಕಿವಿ ಮಾತ್ರ ಎಲ್ಲಿ ಎಂ.ಎ. ಬಿಟ್ಟುಬಿಟ್ಟಾರೋ ಎಂದು ಕಾಯುತ್ತಿರುತ್ತದೆ. ಗಜೇಂದ್ರಗಡದ ಮಗ್ಗದ ಓಣಿಯ ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲನೆಯವಳು ನಾನು. ಆ ಸಹಿಯೂ ಸಾಕಷ್ಟು ಉದ್ದವಾಗಿದೆ. ಡಿಗ್ರಿಗಳನ್ನು ಬಾಲಕ್ಕೆ ಕಟ್ಟಿಕೊಂಡೇ ಹೋಗುತ್ತದೆ. ನೀವು ನಕ್ಕರೂ ಚಿಂತೆಯಿಲ್ಲ, ಅದನ್ನು ನಾನು ಗಿಡ್ಡ ಮಾಡುವವಳಲ್ಲ.

ಆ ದಿನ ಗಜೇಂದ್ರಗಡದ ಕಾಲೇಜಿನ ಪಿ.ಯು. ಹುಡುಗಿಯರ ಮುಂದೆ ನಿಂತೆ. ತರಬೇತಿಯಲ್ಲಿ ಕಲಿಸಿದ ಹಾಗೆ, ಎಲ್ಲರೂ ಎದ್ದು ಎರಡೂ ಕೈ ಅಗಲಿಸಿ ಸುತ್ತ ತಿರುಗಿರಿ, ಕೈ ಎಟಕುವಷ್ಟು ಜಾಗ ನಿಮ್ಮದು, ಅದರೊಳಗೆ ನಿಮ್ಮನ್ನು ಕೇಳದೆ ಯಾರೂ ಬರುವಂತಿಲ್ಲ ಎಂದೆ. ಧಾರವಾಡದ ಆ ಹಾಲಿನಲ್ಲಿ ನಾವು ಟೀಚರುಗಳು ತೇರಿನ ಗಾಲಿಯಂತೆ ಆರಾಮಾಗಿ ತಿರುಗಿದ್ದೆವು. ಇಲ್ಲಿ ಒಂದೊಂದು ಬೆಂಚಿಗೂ ಹಿಡಿಸಲಾರದಷ್ಟು ಹುಡುಗಿಯರು. ಒಬ್ಬಳ ಬೆರಳು ಇನ್ನೊಬ್ಬಳ ಮೂಗಿಗೆ ಹೋಯಿತು, ಒಬ್ಬಳ ಬಳೆ ಮತ್ತೊಬ್ಬಳ ಜಡೆಗೆ ಸಿಕ್ಕಿತು. ಮಿತಿಯ ಪಾಠ ಮುಗಿಯುವುದರೊಳಗೆ ಯಾರ ಮಿತಿಯೂ ಉಳಿಯಲಿಲ್ಲ. ಹೋಗಲಿ, ಗಟ್ಟಿಯಾಗಿ 'ಬ್ಯಾಡ' ಅನ್ನಿರಿ ಎಂದೆ. ಇಡೀ ಹಾಲು ಪ್ರಾರ್ಥನೆಯ ರಾಗದಲ್ಲಿ, "ಬ್ಯಾಡ್ರೀ ಮೇಡಮ್ಮಾರ" ಎಂದಿತು. ಚಿವುಟುವವನಿಗೂ 'ರಿ' ಹಚ್ಚುತ್ತೀರೇನು ಎಂದು ನಾನು ಸಿಟ್ಟು ಮಾಡಿದೆ. ಅವರು ನಕ್ಕರು. ಭಾಷಣ ರಂಗೇರಿದೆ ಎಂದುಕೊಂಡೆ.

ಕೊನೆಗೆ ಪ್ರಶ್ನೆ ಕೇಳಿ ಎಂದಾಗ ಎಲ್ಲರೂ ಕಾಲುಗುರು ನೋಡತೊಡಗಿದರು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ಮಂಜುಳಾ, ಮುಶಿಗೇರಿಯಿಂದ ದಿನಾ ಬಸ್ಸಿಗೆ ಬಂದು ಹೋಗುವ ಹುಡುಗಿ.

"ನನ್ನ ಗೆಳತಿ ಒಬ್ಬಾಕಿ ಅದಾಳ್ರಿ. ಸಂಜಿ ಬಸ್ಸಿನಾಗ ಅವರ ಊರಾಂವ ಒಬ್ಬಾಂವ ಮೈಮ್ಯಾಲ ಬಿದ್ದ ನಿಂದರ್ತಾನ್ರಿ. ವಯಸ್ಸಾದಾಂವ, ಎಲ್ಲಾರೂ ಕಾಕಾ ಅಂತಾರ. ಮನ್ಯಾಗ ಹೇಳಿದ್ರ ನಾಳಿಂದ ಕಾಲೇಜ್ ಬ್ಯಾಡ ಅಂತಾರ. ಹೇಳಲಿಲ್ಲಂದ್ರ ಅಕಿಗೆ ಬಸ್ ಹತ್ತಾಕ ಕಾಲ ಬರವಲ್ವು. ಅಕಿ ಏನ್ ಮಾಡಬೇಕ್ರಿ?"

ಲೋಕದ ಕಷ್ಟವೆಲ್ಲ ಗೆಳತಿಯರಿಗೇ ಬರುವುದು, ನಮಗಲ್ಲ. ನಾನೂ ಆ ವಯಸ್ಸಿನಲ್ಲಿ ಅಂಥ ಗೆಳತಿಯರನ್ನು ಸಾಕಿದವಳೇ. ಇಂಥದಕ್ಕೆ ಹಿರಿಯರಿಗೆ ತಿಳಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಕೈಯಿಡುವವನೂ ಹಿರಿಯ, ಕಾಲೇಜು ಬಿಡಿಸುವವನೂ ಹಿರಿಯ. ತಪ್ಪು ಅಕಿದಲ್ಲ ಎಂದೆ. ಅದು ಖರೇ, ಆದರೆ ಅದರಿಂದ ಬಸ್ಸಿನಲ್ಲಿ ಜಾಗ ಸಿಕ್ಕುವುದಿಲ್ಲ. "ಸಂಜಿಗೆ ನಿನ್ನ ಗೆಳತೀನ ಕರಕೊಂಡ ಬಾ. ಬಸ್ ಸ್ಟ್ಯಾಂಡಿಗೆ ನಾನೂ ಬರ್ತೇನಿ," ಎಂದೆ.

ಇನ್ನು ನಮ್ಮ ಕಡೆಯ ಬಸ್ಸಿನ ಕಾನೂನು ನಿಮಗೆ ಗೊತ್ತಿರಬೇಕು. ಬಸ್ಸು ಸ್ಟ್ಯಾಂಡಿಗೆ ಹೊರಳುತ್ತಲೇ ಕಿಟಕಿಗಳಲ್ಲಿ ಟವೆಲ್ಲುಗಳು ಹಾರುತ್ತವೆ. ಟವೆಲ್ ಇಲ್ಲದವರು ಕರ್ಚೀಪು, ಅದೂ ಇಲ್ಲದವರು ಕೈಚೀಲ. ಒಮ್ಮೆ ಒಬ್ಬಾತ ಅಳುವ ಕೂಸನ್ನೇ ಕಿಟಕಿಯಿಂದ ಒಳಗಿಟ್ಟು ಬಾಗಿಲಿನಿಂದ ತಾನು ಹತ್ತಿದ್ದನ್ನು ಕಂಡಿದ್ದೇನೆ. ಟವೆಲ್ ಬಿದ್ದ ಸೀಟು ಅವರದು. ಬರೆದಿಟ್ಟ ಕಾಯಿದೆಗಳನ್ನೆಲ್ಲ ಮುರಿಯುವ ನಾವು ಈ ಬರೆಯದ ಕಾಯಿದೆ ಮಾತ್ರ ಮುರಿಯುವುದಿಲ್ಲ. ಬೆವರು ನಾರುವ ಒಂದು ತುಂಡು ಬಟ್ಟೆ ಸೀಟು ಕಾಯುತ್ತದೆ, ಮೀಸೆ ಹೊತ್ತ ಗಂಡಸರು ಅದರ ಪಕ್ಕದಲ್ಲಿ ನಿಂತು ಪ್ರಯಾಣ ಮಾಡುತ್ತಾರೆ.

ನಾನು ಗಜೇಂದ್ರಗಡದಿಂದ ರೋಣಕ್ಕೆ ಡಿಗ್ರಿ ಕಲಿಯಲು ಹೋಗುವಾಗ ಉಳಿದವರಿಗೆ ಅವರ ಅಣ್ಣಂದಿರೋ ಅಪ್ಪಂದಿರೋ ಟವೆಲ್ ಎಸೆದು ಸೀಟು ಹಿಡಿದುಕೊಡುತ್ತಿದ್ದರು. ನಮ್ಮಪ್ಪನ ಕಾಲುಗಳು ಆ ಹೊತ್ತಿಗೆ ಮಗ್ಗದ ಕುಣಿಯೊಳಗೆ ಇರುತ್ತಿದ್ದವು. ರೋಣದವರೆಗೂ ನಿಂತೇ ಹೋದೆ, ನಿಂತೇ ಬಂದೆ. ಮನೆಯಲ್ಲಿ ಮೊದಲು ಕಲಿತವರು ಅಂದರೆ ಇನ್ನೇನು, ತಮಗಿಂತ ಮುಂಚೆ ಬಸ್ಸು ಹತ್ತಿ ಟವೆಲ್ ಹಾಕಿಡುವವರು ಇಲ್ಲದವರು. ಕಷ್ಟಪಟ್ಟು ಮೇಲೆ ಬಂದದ್ದು ಅನ್ನುತ್ತಾರಲ್ಲ, ಅದರಲ್ಲಿ ಮುಕ್ಕಾಲು ಭಾಗ ಕಾಲುನೋವು.

ಸಂಜೆ ಮುಶಿಗೇರಿ ಬಸ್ಸು ಬಂತು. ಅದರ ಬದಿಗೆ ಒಬ್ಬ ಹುಡುಗಿ ಓಡಿ, ಕೈ ಎತ್ತಿ ಕಿಟಕಿಯೊಳಗೆ ಕರ್ಚೀಪು ಒಗೆದಳು. ಮುಮ್ತಾಜ್, ಮಂಜುಳಾನ ಬೆಂಚಿನಾಕೆ. ಆಕೆಯ ಮನೆ ಸ್ಟ್ಯಾಂಡಿನ ಎದುರಿಗೇ, ಅಪ್ಪನ ಬಳೆ ಅಂಗಡಿಯ ಮೇಲೆ. ನಿನಗ್ಯಾಕ ಬಸ್ಸು ಎಂದು ಕೇಳಿದರೆ, "ನಾ ಹತ್ತೂದಿಲ್ರಿ. ಇಕಿಗೆ ಕುಂದರಾಕ ಜಾಗಾ ಸಿಗಲಿ ಅಂತ ದಿನಾ ಒಗದ ಹೋಗ್ತೇನಿ," ಎಂದಳು. ತಾನು ಹೋಗದ ಬಸ್ಸಿಗೆ ಸೀಟು ಹಿಡಿಯುವವಳು! ಬೆಳಿಗ್ಗೆ ನಾನು ಇನ್ನೊಬ್ಬರ ಪರ ನಿಲ್ಲುವುದೆಂದರೇನು ಎಂದು ಬಿಡಿಸಿ ಬಿಡಿಸಿ ಹೇಳುವಾಗ ಈಕೆ ಆಕಳಿಸಿದ್ದು ಯಾಕೆಂದು ಆಗ ಹೊಳೆಯಿತು.

ಬಸ್ಸಿಗೆ ಹೆದರುವ ಆ ಗೆಳತಿ ಮಾತ್ರ ಬರಲಿಲ್ಲ. ಮಂಜುಳಾ ಒಬ್ಬಳೇ ಹತ್ತಿ, ಕರ್ಚೀಪು ಎತ್ತಿಕೊಂಡು ಸೀಟಿನ ಅಂಚಿಗೆ ಕುಳಿತಳು. ನಾನೂ ಹತ್ತಿ ಆಕೆಯ ಹಿಂದೆ ನಿಂತೆ. ನಡುದಾರಿ ತುಂಬಿತು. ದೊಡ್ಡ ಪೇಟದ, ಮರ್ಯಾದಸ್ಥ ಮುಖದ ಒಬ್ಬಾತ ಬಂದು, ಅತ್ತ ಜಾಗವಿದ್ದರೂ, ಆಕೆಯ ಭುಜಕ್ಕೆ ಮೈ ಒತ್ತಿ ನಿಂತ. ಇಂಥ ಹೊತ್ತಿಗೆಂದು ನಾನು ಎರಡು ಗಟ್ಟಿ ಮಾತು ಸಿದ್ಧಮಾಡಿಕೊಂಡಿದ್ದೆ. ಅವು ಗಂಟಲಿಗೆ ಬರುವುದರೊಳಗೆ ಮಂಜುಳಾ ಕರ್ಚೀಪು ಬಿಚ್ಚಿ, ತನಗೂ ಅವನಿಗೂ ನಡುವಿನ ಕಂಬಿಯ ಮೇಲೆ ಹರವಿದಳು. ದನಿ ಡ್ರೈವರ್ ತನಕ ಹೋಯಿತು.

"ಕಾಕಾ, ಇಲ್ಲಿ ಕರ್ಚೀಪ ಹಾಕೇನ್ರಿ. ಆ ಕಡೆ ಸರೀರಿ."

ಮುಂದಿನ ಸೀಟಿನ ಮುದುಕಿ ತಿರುಗಿಯೂ ನೋಡದೆ, "ಕರ್ಚೀಪ ಹಾಕ್ಯಾಳಂತಲ್ಲೋ ತಮ್ಮಾ. ಸರಿ," ಎಂದಳು. ಹಿಂದಿನಿಂದ ಮತ್ತೊಬ್ಬ, ಹಾಕಿದ ಮ್ಯಾಲ ಮುಗೀತು ಎಂದ. ಕಂಡಕ್ಟರು ಟಿಕೆಟ್ ಹರಿಯುತ್ತ, ಅತ್ತ ಜಾಗಾ ಐತ್ರಿ ಯಜಮಾನ್ರ ಎಂದ. ಅವರಿಗೆ ಎಷ್ಟು ತಿಳಿಯಿತೋ ಕಾಣೆ. ಹುಡುಗಿಯೊಬ್ಬಳ ಮೈಗೆ ಸಿಗದ ಮರ್ಯಾದೆ ಆ ಅಂಗೈಯಗಲದ ಬಟ್ಟೆಗೆ ಸಿಕ್ಕಿತು. ಆತ ಪೇಟ ಸರಿಮಾಡಿಕೊಂಡು ಬಾಗಿಲ ಕಡೆ ಸರಿದ. ಕಿಟಕಿಯ ಹೊರಗೆ ಮುಮ್ತಾಜ್ ನಗುತ್ತಿದ್ದಳು. ಮಂಜುಳಾ ಅಳುತ್ತಿದ್ದಳು. ಆಕೆ 'ರಿ' ಬಿಡಲಿಲ್ಲ, ಗಮನಿಸಿದಿರಾ? ನಾನು ಆ ಪಾಠವನ್ನು ಅಂದಿನಿಂದ ಕೈಬಿಟ್ಟೆ.

ನನಗೆ ಉಳಿದ ಹೆದರಿಕೆ ಒಂದೇ. ಸುದ್ದಿ ಮುಶಿಗೇರಿ ಮುಟ್ಟದೆ ಇರುವುದಿಲ್ಲ. ಮುಟ್ಟಿದರೆ ಕಾಲೇಜು ಹೋಗುತ್ತದೆ. ಮುಟ್ಟಿತು. ಮರುದಿನ ಬೆಳಿಗ್ಗೆ ಆಕೆಯ ಅಪ್ಪ ಬಸ್ಸಿನ ತನಕ ಜೊತೆಗೆ ಬಂದನಂತೆ. ಇನ್ನು ಹಿಂದಕ್ಕೆ ಕರೆಯುತ್ತಾನೆ ಎಂದು ಮಂಜುಳಾ ಕಾಲು ಗಟ್ಟಿ ಮಾಡಿಕೊಂಡು ನಿಂತಾಗ, ಹೆಗಲ ಮೇಲಿನ ಟವೆಲ್ ತೆಗೆದು ಆಕೆಯ ಕೈಗಿತ್ತು, "ಕರ್ಚೀಪ ಭಾಳ ಸಣ್ಣದಾತು," ಎಂದನಂತೆ. ಅಷ್ಟೇ.

ಮರುವರ್ಷ ಅದೇ ಕಾಲೇಜಿನಿಂದ ಮಿಸ್ಡ್ ಕಾಲ್ ಬಂತು. ಒಲ್ಲೆ ಅನ್ನಲು ಈಗಲೂ ಬಂದಿಲ್ಲ, ಹೋದೆ. ಅತಿಥಿಯ ಪರಿಚಯ ಮಾಡಿಕೊಡುವವಳು ಸೆಕೆಂಡ್ ಪಿ.ಯು.ದ ಮಂಜುಳಾ. ಹಾಲು ತುಂಬಿ ಹುಡುಗಿಯರು ಗೋಡೆಗುಂಟ ನಿಂತಿದ್ದರು. ವೇದಿಕೆ ಹತ್ತಿ ನೋಡಿದರೆ, ನಡುವಿನ ಕುರ್ಚಿಯ ಮೇಲೆ ಒಂದು ಹಳೆಯ ಟವೆಲ್ ಬಿದ್ದಿದೆ. ಯಾರೋ ದೊಡ್ಡವರಿಗೆ ಹಿಡಿದಿಟ್ಟದ್ದು. ರೂಢಿ ನೋಡಿ, ನಾನು ಸುಮ್ಮನೆ ಅದರ ಪಕ್ಕ ಹೋಗಿ ನಿಂತುಕೊಂಡೆ.

ಮಂಜುಳಾ ಮೈಕು ಬಿಟ್ಟು ಬಂದು ಕಿವಿಯಲ್ಲಿ ಹೇಳಿದಳು, "ನಿಮಗ ಹಾಕೇವ್ರಿ ಮೇಡಮ್ಮಾರ. ಕುಂದರ್ರಿ."

ಕುಂತೆ. ಆಮೇಲೆ ಪರಿಚಯದಲ್ಲಿ ಎಂ.ಎ. ಓದಿದಳೋ ಬಿಟ್ಟಳೋ, ಕೇಳಿಸಲಿಲ್ಲ.