ತೆಲುಗಿನಲ್ಲಿ ಮಾತ್ರ ಜಗಳ

ಕಲಿತ ಭಾಷೆಯಲ್ಲಿ ಯೋಚಿಸುವಾಗ ಮನುಷ್ಯನ ಆವೇಶ ತಗ್ಗುತ್ತದೆಂದು ಭಾಷಾವಿಜ್ಞಾನಿಗಳು ಕಂಡುಕೊಂಡಿದ್ದಾರಂತೆ. ಬೆಳಗಿನ ಪತ್ರಿಕೆಯಲ್ಲಿ ಓದಿ, ನನಗೆ ವಿಜ್ಞಾನದ ಮೇಲೆ ಕನಿಕರ ಹುಟ್ಟಿತು. ತೆಲುಗು ನಾಡಿನ ಮೆಹದಿಪಟ್ಟಣಂನಲ್ಲಿದ್ದ ನಮ್ಮ ಸೋದರತ್ತೆಯನ್ನು ಒಂದು ಮಾತು ಕೇಳಿದ್ದರೆ ಇಷ್ಟು ಶ್ರಮ ಉಳಿಯುತ್ತಿತ್ತು.

ಅತ್ತೆ, ಮಾವ ಇಬ್ಬರೂ ರಾಯಚೂರು ಕಡೆಯವರು, ಮನೆಮಾತು ಕನ್ನಡ. ಆದರೆ ಮದುವೆಯಾದ ಹೊಸತರಲ್ಲೇ ಅತ್ತೆ ಕಾನೂನು ತಂದಿದ್ದರು: ಜಗಳ ಏನಿದ್ದರೂ ತೆಲುಗಿನಲ್ಲಿ. "ಕನ್ನಡದಾಗ ಬೈದ್ರ ಎದಿಗೆ ನಾಟತೈತಿ. ತೆಲುಗಿಂದು ಊಟದ ಹೊತ್ತಿಗೆ ಇಳದು ಹೋಗತೈತಿ" ಎಂಬುದು ಅದರ ಪೀಠಿಕೆ. ನಾನು ಓದಲೆಂದು ಅವರ ಮನೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ಅತ್ತೆ "ಮೀಕು ಬುದ್ಧಿ ಲೇದಂಡಿ" ಎಂದು, ನಿಮಗೆ ಬುದ್ಧಿಯಿಲ್ಲರೀ ಎಂದು, ಬಹುವಚನದಲ್ಲೇ ಬೈಯುತ್ತಿದ್ದರು. ಮಾವ ಉತ್ತರಕ್ಕೆ ತಕ್ಕ ತೆಲುಗು ಹುಡುಕುವಷ್ಟರಲ್ಲಿ ಸಿಟ್ಟು ಆರಿ, ಹಸಿವಾಗಿರುತ್ತಿತ್ತು.

ಈ ಸಂವಿಧಾನಕ್ಕೆ ಒಂದೇ ದೋಷ. ನೆರೆಯವರಿಗೆ ಜಗಳವೆಲ್ಲ ಅರ್ಥವಾಗುತ್ತಿತ್ತು, ರಾಜಿ ಒಂದೂ ಅರ್ಥವಾಗುತ್ತಿರಲಿಲ್ಲ.

ಮಾವನಿಗೆ ಊರಾಚೆಯ ಶಂಶಾಬಾದಿನ ಹೊಸ ಫ್ಲ್ಯಾಟಿನ ಹುಚ್ಚು ಹಿಡಿದು, ಈ ಮನೆ ಮಾರೋಣವೆಂದಾಗ ವಾರವಿಡೀ ತೆಲುಗು ನಡೆಯಿತು. ಭಾನುವಾರ ಪಕ್ಕದ ಮನೆಯ ರಾವುಗಾರು, ಕಾಲನಿಯ ಹಿರಿಯರನ್ನು ಕಟ್ಟಿಕೊಂಡು, ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ಸಂಸಾರ ಒಡೆಯಬಾರದು, ವಿಚ್ಛೇದನ ಒಳ್ಳೆಯದಲ್ಲ ಎಂದು ಕಣ್ಣೊರೆಸಿಕೊಂಡರು.

"ಅಯ್ಯ, ನಾವು ಭಾಳ ಚಲೋ ಅದೀವಿ" ಎಂದು ಅತ್ತೆ ನನಗೆ ಹೇಳಿದರು, ನಾನು ಅನುವಾದಿಸಿದೆ. ರಾವುಗಾರು ನಂಬಲಿಲ್ಲ. ಹಾಗಿದ್ದರೆ ಯಜಮಾನರು ಹೆಂಡತಿಗೆ ಒಂದು ಪ್ರೀತಿಯ ಮಾತು ಆಡಿ ತೋರಿಸಲಿ, ತೆಲುಗಿನಲ್ಲಿ, ಎಂದರು. ಮಾವ ಎದ್ದು ನಿಂತರು. ಬೆವರಿದರು. ಇಪ್ಪತ್ತು ವರ್ಷದ ತೆಲುಗನ್ನೆಲ್ಲ ತಡಕಿದರೂ ಅಲ್ಲಿ ಬೈಗುಳದ ಹೊರತು ಸಾಮಾನಿರಲಿಲ್ಲ. ಕೊನೆಗೆ, "ಈಮೆ... ಮಂಚಿ ಮನಿಷಿ" ಎಂದರು, ಈಕೆ ಒಳ್ಳೆಯವಳು ಎಂದು, ಬಾಡಿಗೆದಾರಳನ್ನು ಶಿಫಾರಸು ಮಾಡಿದ ಹಾಗೆ. ಹಿರಿಯರು ನಿಟ್ಟುಸಿರಿಟ್ಟರು.

ಆಗ ಅತ್ತೆ ಮಾವನ ಮುಖ ನೋಡಿ, ಬಲು ಮೆಲ್ಲಗೆ, ಕನ್ನಡದಲ್ಲಿ ಅಂದರು:

"ನಂಗ ಈ ಮನಿ ಬಿಟ್ಟು ಬರಾಕ ಆಗೂದಿಲ್ಲರಿ."

ಆ ದನಿ ಕೇಳಿ ರಾವುಗಾರು ಗದ್ಗದರಾಗಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ದಾಂಪತ್ಯ ಉಳಿಯಿತೆಂದು ಮೈಸೂರುಪಾಕು ಹಂಚಿದರು. ಅಷ್ಟು ಜನರಲ್ಲಿ ಮುಖ ಬಿಳುಚಿದ್ದು ಮಾವನೊಬ್ಬರದೇ. ಆ ಮನೆಯಲ್ಲಿ ಕನ್ನಡದ ಮೊದಲ ಜಗಳ ಅದು, ಒಂದೇ ವಾಕ್ಯದ್ದು.

ಅತಿಥಿಗಳು ಹೋದ ಮೇಲೆ ಮಾವ, "ಆತು ಬಿಡು. ಇಲ್ಲೇ ಇರೂಣು" ಎಂದರು. ಶಂಶಾಬಾದಿನ ಹೆಸರು ಮತ್ತೆ ಯಾವ ಭಾಷೆಯಲ್ಲೂ ಬರಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ನನ್ನಾಕೆ, ಅವಳ ಮನೆಮಾತೂ ಕನ್ನಡವೇ, ಅಡುಗೆಮನೆಯಿಂದ ನನ್ನ ಸೋಮಾರಿತನದ ಗುಣಗಾನ ಆರಂಭಿಸಿದ್ದಾಳೆ. ನಿನ್ನೆಯವರೆಗೂ ಇದು ನನಗೆ ಕಿರಿಕಿರಿ. ಇವತ್ತು ಪೆನ್ನು ಕೆಳಗಿಟ್ಟು, ಉಸಿರು ಹಿಡಿದು ಕಿವಿಗೊಟ್ಟೆ. ಹಿಂದಿ. ಅಪ್ಪಟ ಹಿಂದಿ. ದೇವರು ದೊಡ್ಡವನು.