ಒಬ್ಬೊಬ್ಬರಿಗೆ ಒಂದೊಂದು ಖಾನೆ

ನಮ್ಮ ಮನೆಯಲ್ಲಿ ಸಾಮಾನು ಇಡುವುದಕ್ಕೆ ಎರಡು ಪದ್ಧತಿಗಳಿವೆ. ಒಂದು ನನ್ನ ಗಂಡನದು, ಇನ್ನೊಂದು ನನ್ನದು. ಅವರು ಇಲ್ಲೇ, ಗಲ್ಫಿನಲ್ಲಿ, ಅಲ್ ಕುಸೈಸ್‌ನ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುವವರು. ಅಲ್ಲಿ ಬೋಲ್ಟಿನ ಜೊತೆ ಬೋಲ್ಟು, ಬಲ್ಬಿನ ಜೊತೆ ಬಲ್ಬು. ಸಂಜೆ ಮನೆಗೆ ಬಂದರೂ ಆ ಗೋದಾಮು ಅವರ ತಲೆಯಿಂದ ಇಳಿಯುವುದಿಲ್ಲ. ಸೋಪೆಲ್ಲ ಒಂದು ಕಡೆ, ಮುಲಾಮೆಲ್ಲ ಒಂದು ಕಡೆ ಇರಬೇಕು.

ನಾನೂ ಪ್ರಯತ್ನಪಟ್ಟವಳೇ. ಪಾರದರ್ಶಕ ಡಬ್ಬಗಳನ್ನು ತಂದು ಚೀಟಿ ಅಂಟಿಸಿದೆ. ಮಗಳು ಮೊಬೈಲಿನಲ್ಲಿ ಏನೋ ಆ್ಯಪ್ ಹಾಕಿಕೊಟ್ಟಳು, ಅದು ದಿನಕ್ಕೆರಡು ಸಲ ಕಿರುಗುಟ್ಟಿ ನನ್ನನ್ನು ಬೈಯುತ್ತಿತ್ತು. ಯಾವುದೂ ಹಿಡಿಸಲಿಲ್ಲ. ಒಂದು ವಸ್ತು ಎಲ್ಲಿದೆ ಎಂದು ನೆನಪಾಗಬೇಕಾದರೆ ಅದು ಯಾರದ್ದು ಎಂದು ನನಗೆ ಮೊದಲು ಗೊತ್ತಾಗಬೇಕು. ಕೊನೆಗೆ ಹಾಲಿನ ದೊಡ್ಡ ಕಪಾಟನ್ನು ನನ್ನದೇ ರೀತಿಯಲ್ಲಿ ಹಂಚಿದೆ, ಒಬ್ಬೊಬ್ಬರಿಗೆ ಒಂದೊಂದು ಖಾನೆ.

ಮನೆಯಲ್ಲಿ ಇರುವುದು ನಾವು ಮೂವರೇ. ಕಪಾಟಿನಲ್ಲಿ ಮಾತ್ರ ಊರಿನವರೂ ಇದ್ದರು. ವರ್ಷವಿಡೀ ಆಫರ್ ಬಂದಾಗಲೆಲ್ಲ ಊರಿಗೆಂದು ಒಂದೊಂದೇ ಕೊಂಡು ಕೂಡಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಉಳಿದವರು ಮಂಚದಡಿಯ ರಟ್ಟಿನ ಪೆಟ್ಟಿಗೆಗೆ ತುಂಬುತ್ತಾರೆ, ನಾನು ಖಾನೆಗೆ ಸೇರಿಸುತ್ತಿದ್ದೆ. ಅತ್ತೆಗೆ ಒಂದು, ಮಂಗಳೂರಿನ ಅಕ್ಕನ ಮನೆಯವರಿಗೆ ಒಂದು. ಅಕ್ಕನ ಜೊತೆಗೇ ಇದ್ದ ನನ್ನ ಅಮ್ಮನಿಗೆ ನನ್ನ ಕಣ್ಣಿನ ಎತ್ತರದ್ದು. ಅದರಲ್ಲಿ ನೋವಿನ ಮುಲಾಮು, ಸಕ್ಕರೆ ಹಾಕದ ಬಿಸ್ಕತ್ತು, ಬಾದಾಮಿ, ಹಗುರವಾದ ಒಂದು ಶಾಲು.

"ಇದೆಂತ ಕಪಾಟಾ, ಪಡಸಾಲೆಯಾ? ಎಲ್ಲರನ್ನೂ ಕೂರಿಸಿದ್ದೀಯಲ್ಲ ಮಾರಾಯ್ತಿ!" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈ ವರ್ಷ ಅಮ್ಮ ತೀರಿಕೊಂಡರು. ಅಕ್ಕ ಫೋನ್ ಮಾಡಿದಾಗ ನಾನು ಕೆಲಸ ಮಾಡುವ ಶಾಲೆಯ ಆಫೀಸಿನಲ್ಲಿದ್ದೆ. ಸಿಕ್ಕಿದ ವಿಮಾನದಲ್ಲಿ ಹೊರಟೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬರಿಗೈಯಲ್ಲಿ ಊರಿಗೆ ಹೋದದ್ದು ಅದೇ ಮೊದಲು. ಮಂಗಳೂರಿನಲ್ಲಿ ಇಳಿದು, ಬ್ಯಾಗೇಜ್ ಬರುವ ಪಟ್ಟಿಯ ಹತ್ತಿರ ಬಹಳ ಹೊತ್ತು ನಿಂತೆ. ನನ್ನದು ಯಾವುದೂ ಬರಲಿಕ್ಕಿಲ್ಲ ಎಂದು ಆಮೇಲೆ ಹೊಳೆಯಿತು. ಅಮ್ಮನನ್ನು ನೋಡಿದಾಗ ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಅವರಿಗೆ ಚಹಾ ಕೊಟ್ಟೆ.

ಹಿಂದಿರುಗಿದ ಮೇಲೂ ಹಾಗೆಯೇ ಇದ್ದೆ. ಕೆಲಸಕ್ಕೆ ಹೋದೆ, ಅಡಿಗೆ ಮಾಡಿದೆ. ಕಪಾಟು ತೆರೆದಾಗಲೆಲ್ಲ ಅಮ್ಮನ ಖಾನೆ ಎದುರಿಗೇ ಇರುತ್ತಿತ್ತು. ಅದರಲ್ಲಿರುವುದನ್ನು ಇನ್ನು ಯಾರದೆಂದು ಹೇಳುವುದು? ಗೊತ್ತಾಗಲಿಲ್ಲ, ಬಾಗಿಲು ಹಾಕುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಅಬುಧಾಬಿಯ ಖಲೀಫಾ ಸಿಟಿಯಿಂದ ಗೆಳತಿ ಫೋನ್ ಮಾಡಿದಳು.

"ನಾಡಿದ್ದು ಊರಿಗೆ ಹೊರಟಿದ್ದೇವೆ. ಲಗೇಜಿನಲ್ಲಿ ಕಿಲೋ ಸ್ವಲ್ಪ ಬಾಕಿ ಉಂಟು. ಎಂತಾದ್ರೂ ಕಳಿಸ್ಲಿಕ್ಕೆ ಉಂಟಾ?"

"ಹೌದೌದು, ಅಮ್ಮನದ್ದು ಸ್ವಲ್ಪ ಉಂಟು" ಎಂದುಬಿಟ್ಟೆ.

ಸೋಫಾದಲ್ಲಿದ್ದ ಗಂಡ ತಲೆಯೆತ್ತಿದರು. ನಾನು ಬೇರೆ ಏನೋ ಮಾತಾಡಿ ಫೋನ್ ಇಟ್ಟೆ.

"ಇನ್ನು ಅದನ್ನು ಹಾಗೇ ಇಡುವುದು ಬೇಡ" ಎಂದರು ಅವರು, ಮೆತ್ತಗೆ. "ನಿನ್ನಿಂದ ಆಗ್ಲಿಕ್ಕಿಲ್ಲ. ನಾನು ಇಡ್ತೇನೆ."

ನಾನು ಬೇಡ ಎನ್ನಲಿಲ್ಲ. ಅವರು ಬಹಳ ನಾಜೂಕಾಗಿ, ಸದ್ದಾಗದಂತೆ ತೆಗೆದರು. ಮುಲಾಮು ಮದ್ದಿನ ಡ್ರಾಯರಿಗೆ ಹೋಯಿತು. ಬಿಸ್ಕತ್ತು, ಬಾದಾಮಿ ಅಡಿಗೆಮನೆಗೆ. ಶಾಲನ್ನು ನನ್ನ ಬಟ್ಟೆಗಳ ನಡುವೆ ಇಟ್ಟರು. ಕಾಫಿ ಆರುವುದರೊಳಗೆ ಎಲ್ಲ ಮುಗಿದಿತ್ತು. ಆಗಲೂ ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಹಗುರವೇ ಆಯಿತು.

ಮರುದಿನ ಬೆಳಿಗ್ಗೆ ಮದ್ದಿನ ಡ್ರಾಯರ್ ತೆರೆದೆ. ಅಲ್ಲಿ ಒಂದೇ ನಮೂನೆಯ ಮುಲಾಮಿನ ಡಬ್ಬಗಳು ಸಾಲಾಗಿದ್ದವು. ಅಮ್ಮನಿಗೆ ತಂದದ್ದು ಯಾವುದು, ನಮ್ಮದು ಯಾವುದು, ಹೇಳಲಾಗಲಿಲ್ಲ. ಅವರ ಪದ್ಧತಿಯಲ್ಲಿ ಒಬ್ಬರು ಹೋದರೆ ಎಲ್ಲಿಯೂ ಏನೂ ಕಡಿಮೆಯಾಗುವುದಿಲ್ಲ, ಡ್ರಾಯರುಗಳು ಇನ್ನಷ್ಟು ತುಂಬುತ್ತವೆ, ಅಷ್ಟೇ. ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆ ಅಚ್ಚುಕಟ್ಟಿನ ಮೇಲೆ.

ಅಷ್ಟರಲ್ಲಿ ಅವರು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಕಪಾಟಿನ ಹತ್ತಿರ ಬಂದರು. ಖಾಲಿ ಜಾಗ ಕಂಡರೆ ಅವರಿಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ.

"ಅಲ್ಲಿ ಬೇಡ" ಎಂದೆ.

"ಇದನ್ನಲ್ಲದಿದ್ರೆ ಬೇರೆ ಎಂತ ಇಡ್ತಿ?"

"ಎಂತದೂ ಇಡುವುದಿಲ್ಲ. ಖಾಲಿ ಇರ್ಲಿ."

ಅವರು ನನ್ನನ್ನೊಮ್ಮೆ ನೋಡಿ, ಇಸ್ತ್ರಿಪೆಟ್ಟಿಗೆಯನ್ನು ವಾಪಸು ಒಯ್ದರು.

ವಾರ ಕಳೆದ ಮೇಲೆ ಮಗಳು ಶಾಲೆಯಿಂದ ಬಂದವಳು ತನ್ನ ಆರ್ಟ್ ಸಾಮಾನುಗಳನ್ನು ತೋಳಿನ ತುಂಬ ಹೊತ್ತುಕೊಂಡು ಕಪಾಟಿನ ಮುಂದೆ ನಿಂತಳು.

"ಅಮ್ಮಾ, ದಿಸ್ ವನ್ ಈಸ್ ಎಂಪ್ಟಿ. ಹೂಸ್ ಈಸ್ ಇಟ್?"

"ಅಜ್ಜಿಯದ್ದು" ಎಂದೆ. ಬಾಯಿಂದ ಆ ಮಾತು ಹೊರಬಿದ್ದದ್ದೇ, ಊರಿನಲ್ಲಿ ಅಷ್ಟು ಜನರೆದುರು ಬಾರದಿದ್ದ ಅಳು ಬಂದುಬಿಟ್ಟಿತು. ಮಗಳು ಸಾಮಾನುಗಳನ್ನು ನೆಲದ ಮೇಲಿಟ್ಟಳು.